ಗಾಳಿ ತಿಂದ ತೂಕ

ನಾಗರ ಪಂಚಮಿಯ ಮರುದಿನ ಬೆಳಿಗ್ಗೆ ಪುಣೆಯ ನಮ್ಮ ಮನೆಯಲ್ಲಿ ಐದು ಮಂದಿ ಇದ್ದೆವು. ಮಂಚದ ಮೇಲೆ ನನ್ನ ಅತ್ತೆ. ಅವರನ್ನು ಎತ್ತಲೆಂದು ಸೊಂಟಕ್ಕೆ ಟವೆಲು ಬಿಗಿದು ನಿಂತಿದ್ದ ನಮ್ಮವರು. ವಿಜಯಪುರ ಸೀಮೆಯ ಹಳ್ಳಿಯಿಂದ ಹಬ್ಬಕ್ಕೆ ಬಂದಿದ್ದ ನಾದಿನಿ, ಅಂದರೆ ನಮ್ಮವರ ಅಕ್ಕ. ಅವ್ವ ಇರುವಲ್ಲೇ ತವರು ಎಂದು ಪ್ರತಿ ಪಂಚಮಿಗೂ ಮಾರ್ಕೆಟ್ ಯಾರ್ಡಿನ ಹಿಂದಿನ ಈ ಎರಡನೇ ಮಹಡಿಗೆ ಏದುಸಿರು ಬಿಡುತ್ತ ಏರಿ ಬರುವವರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗಿ, ಹಿಂದಿನ ದಿನ ಹಬ್ಬದ ಉಂಡಿ ತುಂಬಿ ಕಳಿಸಿದ್ದ ಡಬ್ಬಿಯನ್ನು ವಾಪಸು ಕೊಡಲು ಬಂದವಳು, ಬಾಗಿಲಲ್ಲಿ ನಿಂತಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ, ಮೊಣಕೈವರೆಗೂ ಜೋಳದ ಹಿಟ್ಟು ಮೆತ್ತಿಕೊಂಡು, ನಾನು. ಕತೆ ಹೇಳುವವರು ಮೊದಲು ಕೂತವರನ್ನೂ ನಿಂತವರನ್ನೂ ತೋರಿಸಿಬಿಡಬೇಕು, ಆಮೇಲೆ ಕೇಳುವವರಿಗೆ ತೊಡಕಾಗುವುದಿಲ್ಲ ಎಂದು ನನ್ನ ಆಯಿ, ಅಂದರೆ ಅಜ್ಜಿ, ಹೇಳುತ್ತಿದ್ದಳು. ತೋರಿಸಿದ್ದೇನೆ.

"ಅವ್ವಾ, ಕೊಳ್ಳ ಹಿಡಿ" ಎಂದರು ನಮ್ಮವರು. ಅತ್ತೆ ಎರಡೂ ಕೈಗಳಿಂದ ಮಗನ ಕೊರಳು ತಬ್ಬಿದರು. ಒಂದು ಕೈ ಮೊಣಕಾಲಿನ ಕೆಳಗೆ, ಇನ್ನೊಂದು ಬೆನ್ನಿಗೆ. "ಹ್ಞಾಂ, ಏಳೂಣು." ಇದು ನಮ್ಮ ಮನೆಯ ಬೆಳಗಿನ ಪೂಜೆ. ಸೊಂಟದ ಮೂಳೆ ಮುರಿದು, ಶಸ್ತ್ರಕ್ರಿಯೆಯಾಗಿ, ನಡಿಗೆ ನಿಂತುಹೋದ ಮೇಲೆ ಅತ್ತೆಗೆ ಉಳಿದಿದ್ದ ಒಂದೇ ಸುಖವೆಂದರೆ ಗ್ಯಾಲರಿಯ ಕುರ್ಚಿ. ಅಲ್ಲಿ ಕೂತರೆ ಓಣಿಯ ಬಾಯಿ ಕಾಣುತ್ತದೆ, ಓಣಿಯಾಚೆ ಮಾರ್ಕೆಟ್ಟಿಗೆ ಹೋಗುವ ಟೆಂಪೋಗಳು ಕಾಣುತ್ತವೆ. ತಾಡಪಾಲು ಮುಚ್ಚಿದ್ದರೂ ಅದರ ಉಬ್ಬು ನೋಡಿ, "ಇದು ಹೂಕೋಸು, ಇದು ಕೊತ್ತಂಬರಿ" ಎಂದು ಹೇಳುವುದು ಅವರ ಆಟ. ಸರಿಯೋ ತಪ್ಪೋ ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ ಅವರು ಯಾವತ್ತೂ ಸೋತಿಲ್ಲ.

ಗ್ಯಾಲರಿಯ ಬಾಗಿಲು ಇಕ್ಕಟ್ಟು, ಹೊಸ್ತಿಲು ಎತ್ತರ. ಗಾಲಿಕುರ್ಚಿ ತಂದು ನೋಡಿದ್ದೆವು, ಚೌಕಟ್ಟಿನಲ್ಲೇ ಸಿಕ್ಕಿಕೊಂಡಿತು. ನಾನು ಎತ್ತುತ್ತೇನೆಂದರೆ "ನಿನ್ನ ಕೈಬಳಿ ಚುಚ್ಚತಾವ" ಎನ್ನುತ್ತಾರೆ. ಆಳು ಇಡೋಣವೆಂದರೆ, ದವಾಖಾನೆಯಲ್ಲಿ ಪರರು ತಮ್ಮನ್ನು ಎತ್ತಿದ್ದನ್ನು ನೆನೆದು ಮುಖ ಸಿಂಡರಿಸುತ್ತಾರೆ: "ಚೀಲ ಎತ್ತಿದಂಗ ಎತ್ತಿದ್ರವಾ. ಬಾಯಿ ಒಂದು ಕಟ್ಟಲಿಲ್ಲ, ಅಷ್ಟs." ಮಗನ ಕೈಯೊಂದೇ ಅವರಿಗೆ ಒಪ್ಪಿಗೆ.

ಆ ದಿನ ನಮ್ಮವರು ಅರ್ಧ ಕೋಣೆ ದಾಟಿ ಹೊಸ್ತಿಲ ಮೇಲೆ ಕಾಲಿಟ್ಟಾಗ ಬಲ ಮೊಣಕಾಲು 'ಕಟ್' ಎಂದಿತು. ಐದೂ ಮಂದಿಗೆ ಕೇಳಿಸಿತು. ಅವರು ಚೌಕಟ್ಟಿಗೆ ಭುಜ ಆನಿಸಿ, ಕಣ್ಣು ಮುಚ್ಚಿ, ಅವ್ವನನ್ನು ಎದೆಗೊತ್ತಿಕೊಂಡು ನಿಂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಹೇಗೋ ಕುರ್ಚಿ ಮುಟ್ಟಿಸಿದರು.

ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅದು ಅವರು ಮಾತಿಗಿಳಿಯುವ ಗುರುತು.

"ತಮ್ಮಾ, ಸಾಕಿನ್ನ. ಅವ್ವನ್ನ ನಾ ಕರಕೊಂಡ ಹೋಗತೀನಿ. ನಮ್ಮದು ನೆಲದ ಮ್ಯಾಲಿನ ಮನಿ, ಇಬ್ಬರು ಸೊಸೆಂದ್ರು ಅದಾರ. ನೀ ಇಕಿನ್ನ ಹೊತಗೊಂಡು ಒಂದಿನ ಬಿದ್ದಿ ಅಂದ್ರ ಇಬ್ಬರನ್ನೂ ಎತ್ತವರು ಯಾರು?"

"ನಾ ಬರೂದಿಲ್ಲ" ಎಂದರು ಅತ್ತೆ ಕುರ್ಚಿಯಿಂದಲೇ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನಿಮ್ಮ ಮನಿ ಮುಂದ ಏನದ? ಒಂದು ಗ್ವಾಡಿ. ಗ್ವಾಡಿ ಎಷ್ಟಂತ ನೋಡಲಿ?"

"ಗ್ವಾಡಿ ಬೀಳಸೂದಿಲ್ಲ ನಿನ್ನ. ಇವ ಬೀಳಸ್ತಾನ!"

ನಮ್ಮವರು ಮೊಣಕಾಲು ನೀವಿಕೊಳ್ಳುತ್ತ ಹೇಳಿದರು: "ಕಾಲಿನ ತಪ್ಪಲ್ಲಕ್ಕಾ. ಹೊಟ್ಟಿದು. ಡಾಕ್ಟರ್ ಬಾಯಿ ಆವಾಗs ಹೇಳ್ಯಾರ, ನಾನs ಕಿವ್ಯಾಗ ಹಾಕೊಂಡಿಲ್ಲ."

ಅದು ನಿಜ. ಹೋಳಿಯ ಸುಮಾರಿಗೆ ಡಾಕ್ಟರಮ್ಮ "ಕಾಕಾ, ವಜನ್ ಕಮೀ ಕರಾ" ಎಂದಿದ್ದರು, ತೂಕ ಇಳಿಸಿ ಅಂತ. ಈ ಮೊಣಕಾಲು ನಿಮ್ಮ ಹೊಟ್ಟೆಯನ್ನೂ ಹೊರಬೇಕು, ನಿಮ್ಮ ತಾಯಿಯನ್ನೂ ಹೊರಬೇಕು; ಎರಡರಲ್ಲಿ ಒಂದನ್ನು ಇಳಿಸಿ ಎಂದು ನಗುತ್ತಲೇ ಹೇಳಿದ್ದರು.

"ಅವ್ವನ ಕಡಿಂದ ಕಮ್ಮಿ ಮಾಡಲಾಕ ಏನೂ ಉಳದಿಲ್ಲ, ಅಕಿ ಮೊದಲs ಕಡ್ಡಿ" ಎಂದರು ನಾದಿನಿ. "ಕಮ್ಮಿ ಆಗೂದು ನಿಂದ ಆಗಬೇಕು. ದೀಪಾವಳಿಗೆ ಬರತೀನಿ. ಆವತ್ತೂ ಹಿಂಗ ನಡು ಬಾಗಲದಾಗ ನಿಂತಿ ಅಂದ್ರ, ಮರುದಿನದ ಗಾಡಿಗೆ ಅವ್ವ ನನ್ನ ಜೋಡಿ. ಆಮ್ಯಾಲ ಯಾರೂ ಮಾತಾಡಬಾರದು. ನೀನೂ ಅಷ್ಟs, ಅವ್ವಾ."

ಅತ್ತೆ, "ಆತು. ಅಲ್ಲಿ ನೋಡ್ರಿ, ಮೆಂತೆ ಗಾಡಿ" ಎಂದರು.

ಆ ಬೆಳಿಗ್ಗೆ ನಮ್ಮವರು ಉಂಡಿ ಮುಟ್ಟಲಿಲ್ಲ. ಶೇಂಗಾದ್ದು, ಎಳ್ಳಿನದು, ರವೆಯದು, ಮೂರು ಡಬ್ಬಿ ತುಂಬ ಇದ್ದವು. ಮದುವೆಯಾದಾಗಿನಿಂದ ನಾನು ಕಾಣದ ನೋಟವದು.

ನಮ್ಮವರ ಕೆಲಸ ತೂಗುವುದು. ಮಾರ್ಕೆಟ್ ಯಾರ್ಡಿನ ಒಣಮೆಣಸಿನಕಾಯಿ ಅಡತಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ಪ್ರಾಯಕ್ಕೆ ಬಂದಾಗಿನಿಂದ, ಚೀಲ ತೂಗುವ ಕಾಟಾದ ಪಕ್ಕದಲ್ಲೇ ಅವರ ಆಯುಷ್ಯ ಕಳೆದಿದೆ. ಎಷ್ಟೋ ಸಲ ಮನೆಗೆ ಬಂದ ನೆಂಟರನ್ನು ಕಣ್ಣಲ್ಲೇ ತೂಗಿ, ಅವರು ಹೋದ ಮೇಲೆ ನನಗೆ ಕಿಲೋ ಲೆಕ್ಕ ಹೇಳಿ ನಗಿಸಿದ್ದಾರೆ. ಅಂಥವರು ತಮ್ಮ ಮೈ ಇಳಿಸಲು ಹೊರಟಾಗ ಇನ್ಯಾರನ್ನು ನಂಬುತ್ತಾರೆ? ಕಾಟಾವನ್ನೇ ನಂಬಿದರು. ಹಸಿ ಇರುವ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿದರೆ ತೂಕ ಇಳಿಯುತ್ತದೆ, ಬಣ್ಣ ಏರುತ್ತದೆ, ಕಿಮ್ಮತ್ತೂ ಏರುತ್ತದೆ. ಮೈಯನ್ನೂ ಹಾಗೆಯೇ ಒಣಗಿಸಿದರಾಯಿತು ಎಂದು ತೀರ್ಮಾನಿಸಿದರು.

ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಶ್ರಾವಣದ ಮಳೆ ಬಿಡುವು ಕೊಟ್ಟ ಹೊತ್ತು ನೋಡಿ, ಸ್ವೆಟರಿನ ಮೇಲೆ ರೇನ್‌ಕೋಟು ಹಾಕಿ, ತಲೆಗೆ ಅದರ ಟೋಪಿ ಏರಿಸಿ, ನಮ್ಮವರು ಮಾಳಿಗೆಯ ಮೇಲೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರು. ಎದುರು ಮನೆಯ ಮರಾಠಿ ಅಜ್ಜ ಕಿಟಕಿಯಿಂದ "ಪಾವುಸ್ ಕುಠೇ ಆಹೇ?" ಎಂದು ಕೇಳಿದರು, ಮಳೆ ಎಲ್ಲಿದೆ ಅಂತ. "ಆತ್ ಆಹೇ, ಆಜೋಬಾ" ಎಂದರು ಇವರು, ಒಳಗಿದೆ ಅಂತ. ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಬೆಳಿಗ್ಗೆ ಚಹಾ, ಮಧ್ಯಾಹ್ನ ಅರ್ಧ ರೊಟ್ಟಿಗೆ ಚಟ್ನಿ, ರಾತ್ರಿ ಇನ್ನರ್ಧ. ಬೇಳೆ, ಮೊಸರು ಎಲ್ಲ ಬಂದ್. ಅವು ಭಾರ ಅಂತೆ. ಬಟ್ಟಲಲ್ಲಿಟ್ಟ ಬೇಳೆಯನ್ನೂ ಚೀಲದಂತೆ ನೋಡುತ್ತಿದ್ದರು.

ಎಂಟು ದಿನದಲ್ಲಿ ಕಾಟಾ ಮೂರು ಕಿಲೋ ಕಡಿಮೆ ತೋರಿಸಿತು. ಆ ಸಂಜೆ ಅಡತಿಯಲ್ಲೂ ಮನೆಯಲ್ಲೂ ಪೇಢಾ ಹಂಚಿದರು. ಇಳಿದದ್ದಕ್ಕೆ ಪೇಢಾ ಹಂಚಿದ ಮನುಷ್ಯ ಪುಣೆಯಲ್ಲಿ ಇವರೊಬ್ಬರೇ ಇರಬೇಕು. ಮೇಲಿನ ಹುಡುಗಿಗೂ ಕೂಗಿ ಕರೆದು ಕೊಟ್ಟರು. ಅವಳು ಕಂಪ್ಯೂಟರ್ ಕಂಪನಿಯ ಕೆಲಸದವಳು, ದಿನಾ ಜಿಮ್ಮಿಗೂ ಹೋಗುವವಳು. ನನ್ನ ಬಿಸಿ ರೊಟ್ಟಿಯ ಆಸೆಗೆ ಆಗಾಗ ಇಳಿದು ಬಂದು ಅತ್ತೆಯ ಮಂಚದ ತುದಿಯಲ್ಲಿ ಕೂರುತ್ತಿದ್ದಳು.

"ಅಂಕಲ್, ಬೇಜಾರು ಮಾಡ್ಕೋಬೇಡಿ" ಎಂದಳು, ಪೇಢಾ ಬಾಯಿಗಿಡುತ್ತ. "ಇದು ಮುಕ್ಕಾಲು ಪಾಲು ನೀರು. ಫಸ್ಟ್ ವೀಕ್ ಎಲ್ರಿಗೂ ಹೀಗೇ ಇಳಿಯುತ್ತೆ. ಸರಿಯಾಗಿ ಊಟ ಮಾಡಿ ನೀರು ಕುಡಿದ್ರೆ ವಾಪಸ್ ಬಂದ್ಬಿಡುತ್ತೆ."

"ಮತ್ತ ಬೊಜ್ಜು?"

"ಅದು ನಿಧಾನ. ಅದು ಮೈಯಿಂದ ಹೊರಗೆ ಹೇಗೆ ಹೋಗುತ್ತೆ ಗೊತ್ತಾ, ಹೇಳಿ ನೋಡೋಣ?"

ನಮ್ಮವರು ಬೆವರಿನಲ್ಲಿ ಎಂದರು. ನಾನು ಕಡ್ಡಿ ತುಂಡು ಮಾಡಿದ ಹಾಗೆ ಪಾಯಿಖಾನೆಯಲ್ಲಿ ಎಂದೆ. ಅತ್ತೆ, "ಬೊಜ್ಜು ಎಲ್ಲೂ ಹೋಗೂದಿಲ್ಲ. ಗಂಡನ ಮೈಯಾಂದು ಹೆಂಡತಿ ಮೈಗೆ ಬರತದ" ಎಂದು ನನ್ನ ಕಡೆ ನೋಡಿದರು. ಆ ಮಾತನ್ನು ನಾನು ಇಲ್ಲಿ ಬರೆಯುತ್ತಿರುವುದು ನನ್ನ ದೊಡ್ಡ ಮನಸ್ಸು.

ಹುಡುಗಿ ನಕ್ಕು ನಕ್ಕು ಸಾಕಾಗಿ, "ಇಲ್ಲ ಅಜ್ಜಿ, ಉಸಿರಲ್ಲಿ" ಎಂದಳು. "ಕೊಬ್ಬು ಒಳಗೇ ಉರಿಯುತ್ತೆ. ಉರಿದಿದ್ದರಲ್ಲಿ ಜಾಸ್ತಿ ಪಾಲು ಗಾಳಿಯಾಗಿ ಮೂಗಲ್ಲಿ, ಬಾಯಲ್ಲಿ ಹೊರಟುಹೋಗುತ್ತೆ. ಉಳಿದ ಸ್ವಲ್ಪ ನೀರಾಗಿ ಹೋಗುತ್ತೆ. ನಾನೂ ಮೊದಲು ನಂಬಿರಲಿಲ್ಲ."

ನಮ್ಮವರು ತೊಡೆ ತಟ್ಟಿಕೊಂಡು ನಕ್ಕರು. "ಉಸರಿನ್ಯಾಗ ಬೊಜ್ಜು ಹೋಗೂದಿದ್ರ, ದಿನಾ ಪೂರ್ತಿ ಬಾಯಿ ಬಿಡೂ ನಮ್ಮ ಅಡತಿ ದಲಾಲರೆಲ್ಲಾ ಕಡ್ಡಿ ಆಗಿರತಿದ್ರಲ್ಲವಾ! ಅವರ ಹೊಟ್ಟಿ ನೋಡೀಯೇನು? ನಡೀಬೇಕಾದ್ರ ಹೊಟ್ಟಿ ಮುಂದ, ಅವರು ಹಿಂದ."

"ಬರೀ ಮಾತಾಡಿದ್ರೆ ಆಗಲ್ಲ ಅಂಕಲ್. ಮೊದಲು ಉರೀಬೇಕು. ಒಲೆ ಹಚ್ಚದೇ ಹೊಗೆ ಬರುತ್ತಾ?"

ನಮ್ಮವರ ನಗು ನಿಲ್ಲಲಿಲ್ಲ. ಆಗ ಅತ್ತೆ ಮಂಚದಿಂದ, "ಯಾಕ ನಗತಿ?" ಎಂದರು. "ನಿಮ್ಮ ಗೋದಾಮಿನ್ಯಾಗ ಚೀಲ ಹಗರಾದ್ರ ಏನಂತೀರಿ ನೀವು? 'ಗಾಳಿ ತಿಂತು' ಅಂತೀರಿ. ಎಲ್ಲಾರೂ ಹೌದು ಅಂತಾರ. ಚೀಲದ್ದು ಗಾಳಿ ತಿಂತು ಅಂದ್ರ ಖರೇ, ಹೊಟ್ಟೀದು ತಿಂತು ಅಂದ್ರ ಸುಳ್ಳು?"

ಅದು ಹೌದು. ಹೊಸದಾಗಿ ಬಂದ ಚೀಲ ವಾರ ಬಿಟ್ಟು ತೂಗಿದರೆ ಒಂದಿಷ್ಟು ಕಡಿಮೆ ಬರುತ್ತದೆ. ಕದ್ದವರು ಯಾರೂ ಇಲ್ಲ, ಇಲಿಯೂ ಮುಟ್ಟಿಲ್ಲ. ಮಾರ್ಕೆಟ್ಟಿನವರು ಅದಕ್ಕೆ ಗಾಳಿ ತಿಂತು ಎನ್ನುತ್ತಾರೆ, ಮುಂದಿನ ಚೀಲ ಎಳೆಯುತ್ತಾರೆ. ನಮ್ಮವರು ಪೇಢಾದ ಪೊಟ್ಟಣ ಮಡಚುತ್ತ ಕೂತರು. ಒಪ್ಪಿದರು ಎಂದಲ್ಲ. ಮರುದಿನ ಮತ್ತೆ ರೇನ್‌ಕೋಟು ಏರಿಸಿದರು.

ಮುಂದಿನ ವಾರಗಳಲ್ಲಿ ತೂಕ ಇಳಿಯುತ್ತಲೇ ಹೋಯಿತು. ಮಳೆ ಗ್ಯಾಲರಿಗೆ ಹೊಡೆಯುತ್ತಿದ್ದರಿಂದ ಅವ್ವನನ್ನು ಎತ್ತುವ ಬೆಳಗಿನ ಪೂಜೆ ಮಾತ್ರ ನಿಂತಿತ್ತು. ಮಾರ್ಕೆಟ್ಟಿನ ಮಂದಿ ಕೈ ಕುಲುಕಿದರು. ಬೆಲ್ಟಿಗೆ ಇದ್ದ ತೂತು ಸಾಲದೆ ಹೊಸ ತೂತು ಹಾಕಿಸಿಕೊಂಡು ಬಂದರು. ಕೆನ್ನೆ ಒಳಗೆ ಹೋಗಿ, ಮೀಸೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣತೊಡಗಿತು. ನಾನು ಮಾತ್ರ ಬೇರೆ ಕಡೆ ನೋಡುತ್ತಿದ್ದೆ. ಸಂಸಾರ ಮಾಡಿದವಳಿಗೆ ಗಂಡನ ಮೈ ಕಾಟಾದ ಮೇಲೆ ಕಾಣುವುದಿಲ್ಲ, ಮನೆಗೆಲಸದಲ್ಲಿ ಕಾಣುತ್ತದೆ. ಗ್ಯಾಸಿನ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ಒಲೆಯ ಕೆಳಗೆ ಇಡುತ್ತಿದ್ದವರು ಈಗ ನೆಲಕ್ಕೆ ಗೆರೆ ಮೂಡುವಂತೆ ಎಳೆದು ತಂದರು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಕೊಟ್ಟರೆ ಹಲ್ಲು ಕಚ್ಚಿ, ಕೊನೆಗೆ ಬಟ್ಟೆ ಕೇಳಿದರು. ಅಂಗಿ ಬಿಚ್ಚಿದಾಗ ನೋಡಿದರೆ ಭುಜದ ಮಾಂಸ ಇಳಿದಿತ್ತು, ತೊಡೆ ಸೊರಗಿತ್ತು. ಹೊಟ್ಟೆ ಮಾತ್ರ, ಸ್ವಲ್ಪ ಜೋತು ಬಿದ್ದಿದ್ದರೂ, ತನ್ನ ಜಾಗ ಬಿಟ್ಟಿರಲಿಲ್ಲ.

"ರೀ, ಹೋಗಬೇಕಾದ್ದು ಕೂತದ, ಇರಬೇಕಾದ್ದು ಹೊಂಟದ" ಎಂದೆ.

"ಕಾಟಾ ಸುಳ್ಳು ಹೇಳತದೇನು?"

"ಕಾಟಾ ಎಷ್ಟು ಅಂತ ಹೇಳತದ. ಯಾವುದು ಅಂತ ಹೇಳತದೇನು?"

ಅವರು ಚಪ್ಪಲಿ ಮೆಟ್ಟಿ ಹೊರಟರು.

ಗಣಪತಿ ಬಂದ. ಪುಣೆಯಲ್ಲಿ ಗಣಪತಿ ಬರುವುದೆಂದರೆ ಓಣಿಗೆ ಓಣಿಯೇ ಮೈಮೇಲೆ ದೇವರು ಬಂದಂತೆ ಎದ್ದು ಕುಣಿಯುವುದು. ನಮ್ಮ ಓಣಿಯ ಮಂಡಳದ ಮೂರ್ತಿ ಬೆಳಿಗ್ಗೆ ಢೋಲು ತಾಶೆಯೊಂದಿಗೆ ನಮ್ಮ ಗ್ಯಾಲರಿಯ ಕೆಳಗೇ ಹಾದುಹೋಗುತ್ತದೆ. ಅತ್ತೆ ಹಿಂದಿನ ದಿನದಿಂದಲೇ ಹಸಿರು ಇಳಕಲ್ಲ ಸೀರೆ ತೆಗೆಸಿ ಇಟ್ಟುಕೊಂಡಿದ್ದರು. ಸ್ನಾನ ಮಾಡಿಸಿ, ಉಡಿಸಿ, ಗ್ಯಾಲರಿಯಲ್ಲೇ ಒಡೆಯಲೆಂದು ತೆಂಗಿನಕಾಯಿಯನ್ನೂ ಅವರ ಕೈಗೆ ಕೊಟ್ಟಿದ್ದೆ. ಢೋಲು ಓಣಿಯ ಬಾಯಿಗೆ ಬಂತು.

"ಅವ್ವಾ, ಕೊಳ್ಳ ಹಿಡಿ."

ಎತ್ತಿದರು. ಮಂಚದಿಂದ ಗೇಣುದ್ದ ಮೇಲೆ ಬಂದಿರಬೇಕು, ತೋಳುಗಳು ನಡುಗತೊಡಗಿದವು. ಈ ಸಲ ಮೊಣಕಾಲು ಸದ್ದು ಮಾಡಲಿಲ್ಲ, ಸುಮ್ಮನಿತ್ತು. ಸೋತದ್ದು ತೋಳು. ಅವ್ವನನ್ನು ಮೆಲ್ಲನೆ ಮಂಚಕ್ಕೇ ಇಳಿಸಿ, ಉಸಿರು ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಆಗಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತು.

ಅತ್ತೆ ಮಗನ ರಟ್ಟೆಯನ್ನು ಹಿಡಿದು ನೋಡಿದರು, ಸಂತೆಯಲ್ಲಿ ಸೌತೆಕಾಯಿ ಒತ್ತಿ ನೋಡುವ ಹಾಗೆ. "ನಿನ್ನ ತೋಳು ಎಲ್ಲಿ ಇಟ್ಟ ಬಂದೀಯೋ ನನ್ನಪ್ಪಾ?" ಎಂದರು.

ಮೇಲಿನ ಹುಡುಗಿ ಓಡಿ ಬಂದಳು, ನಾನೂ ಬಳೆ ಕಳಚಿದೆ, ಇಬ್ಬರೂ ಸೇರಿ ಎತ್ತುತ್ತೇವೆ ಎಂದೆವು. ಅತ್ತೆ ಕೈ ಅಡ್ಡ ಮಾಡಿದರು. "ಬ್ಯಾಡ ಬಿಡ್ರಿ. ಇಲ್ಲಿಂದs ಕೇಳತೀನಿ. ಕಿವಿಗೇನು ಕಾಲು ಬೇಕಾ?" ಕೆಳಗೆ ಢೋಲು ಗುಡುಗುತ್ತ ಹೋಯಿತು, ಕಿಟಕಿಯ ಗಾಜು ಅದುರಿತು, ಗುಲಾಲಿನ ಪುಡಿ ಗ್ಯಾಲರಿಯ ಖಾಲಿ ಕುರ್ಚಿಯ ಮೇಲೆ ಬಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ, ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು, ತಾಳಕ್ಕೆ ಸರಿಯಾಗಿ ಬೆರಳು ಆಡಿಸುತ್ತಿದ್ದರು. ದೀಪಾವಳಿ ಇನ್ನೂ ದೂರವಿತ್ತು. ಆದರೆ ನಾದಿನಿಯ ಮನೆಯ ಮುಂದಿನ ಆ ಗೋಡೆ ಆಗಲೇ ನಮ್ಮ ಕೋಣೆಗೆ ಬಂದು ನಿಂತಂತಿತ್ತು.

ಎರಡು ದಿನ ನಮ್ಮವರು ರೇನ್‌ಕೋಟನ್ನು ಗೂಟದಿಂದ ಇಳಿಸಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ ಮನೆಗೆ ಬಾರದವರು, ಬಂದರು. ಎರಡೂ ಜೇಬಿನಲ್ಲಿ ಮೆಣಸಿನಕಾಯಿ. ಚಪ್ಪಲಿಯನ್ನೂ ಬಿಡದೆ ಅವ್ವನ ಮಂಚದ ಹತ್ತಿರ ಕೂತು, "ಒಂದು ತಾಟು ತಾ" ಎಂದರು ನನಗೆ. ತಂದುಕೊಟ್ಟೆ. ಎರಡು ಗುಂಪು ಮಾಡಿ ಸುರಿದರು.

ಮೆಣಸಿನಕಾಯಿ ತೆಗೆದುಕೊಳ್ಳುವ ಮೊದಲು ಇವರದೊಂದು ಪದ್ಧತಿ ಇದೆ. ಚೀಲದ ಹೊಟ್ಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾರೆ. ಚೆನ್ನಾಗಿ ಒಣಗಿದ ಕಾಯೊಳಗೆ ಬೀಜ ಗಿಲಕಿಯಂತೆ ಸದ್ದು ಮಾಡುತ್ತದೆ. ಆ ದಿನ ಗೋದಾಮಿನ ಮೂಲೆಯಲ್ಲಿ, ಬೇಸಿಗೆಯಿಡೀ ತಗಡಿನ ಛಾವಣಿಯ ಕೆಳಗೆ ಮರೆತು ಬಿಟ್ಟಿದ್ದ ಚೀಲವೊಂದು ಸಿಕ್ಕಿತ್ತಂತೆ. ತೂಗಿದರೆ ಹೂವಿನಷ್ಟು ಹಗುರ. ಗಾಳಿ ತಿಂತು ಎಂದರು ಜೊತೆಯವರು. ಇವರು ಕೈ ಹಾಕಿ ತೆಗೆದು ಅಲ್ಲಾಡಿಸಿದರೆ ಸದ್ದಿಲ್ಲ.

"ಇದನ್ನ ಕೇಳು" ಎಂದು ಒಂದು ಗುಂಪಿನ ಕಾಯನ್ನು ಅವ್ವನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಿಲಗಿಲ. "ಇದರಾಗಿಂದ ನೀರು ಹೋಗ್ಯದ. ತೂಕ ಇಳದದ, ಆದ್ರ ಮಾಲು ಚೊಲೊ ಅದ." ಇನ್ನೊಂದು ಗುಂಪಿನದು ಎತ್ತಿದರೆ ಬೆರಳಲ್ಲೇ ಪುಡಿಯಾಯಿತು. "ಇದೂ ಹಗರ ಆಗ್ಯದ. ಆದ್ರ ಹೆಂಗ? ಅತೀ ಒಣಗಿ ಸಿಪ್ಪಿ ಒಡದು, ಬೀಜ ಎಲ್ಲಾ ಗೋಣಿ ಸಂದಿನ್ಯಾಗಿಂದ ಉದುರಿ, ಕಸಬರಗಿ ಪಾಲಾಗ್ಯದ. ಕಾಟಾಕ್ಕ ಎರಡೂ ಒಂದs. ನೀರು ಹೋತೋ ಬೀಜ ಹೋತೋ ಅದಕ್ಕೇನು ಗೊತ್ತು?"

ತಮ್ಮ ಎಡ ರಟ್ಟೆಯನ್ನು ಬಲಗೈಯಿಂದ ಹಿಡಿದು ತೋರಿಸಿದರು. "ಅವ್ವಾ, ನಾ ಬೀಜ ಉದುರಿಸಿಕೊಂಡ ಬಂದೀನಿ."

ಅತ್ತೆ ಪುಡಿಯಾದ ಕಾಯಿಯಿಂದಲೇ ಸೀನಿದರೋ, ಅಥವಾ ಕಣ್ಣೊರೆಸಿಕೊಳ್ಳಲು ಅದೊಂದು ನೆವವೋ, ನನಗೆ ಗೊತ್ತಾಗಲಿಲ್ಲ. ಘಾಟಿಗೆ ಮೂವರೂ ಸೀನಿದೆವು.

ಆ ಸಂಜೆಯೇ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಮರಾಠಿಯಲ್ಲಿ ಬೈದರು, ನಾವು ಮರಾಠಿಯಲ್ಲೇ ಬೈಸಿಕೊಂಡೆವು. ತೂಕ ಇಳಿಯಿತೆಂದರೆ ಬೊಜ್ಜೇ ಇಳಿಯಿತು ಎಂದುಕೊಳ್ಳಬೇಡಿ, ಎಂದರು. ಮೊದಲು ನೀರು ಹೋಗುತ್ತದೆ. ಆಮೇಲೆ ಬೊಜ್ಜು ಕರಗುತ್ತದೆ, ಅದರ ಜೊತೆಗೆ ಮಾಂಸವೂ ಒಂದಿಷ್ಟು ಹೋಗುತ್ತದೆ. ಉಪವಾಸ ಬಿದ್ದು, ಬೇಳೆ ಮೊಸರು ಬಿಟ್ಟು, ಅವಸರ ಮಾಡಿದರೆ ಮಾಂಸದ ಪಾಲೇ ಹೆಚ್ಚಾಗುತ್ತದೆ. ನೀವು ಯಾವ ತೋಳಿಗೆ ಕೆಲಸ ಕೊಡುತ್ತೀರೋ ಅದನ್ನು ಮೈ ಉಳಿಸಿಕೊಳ್ಳುತ್ತದೆ. ಕೆಲಸವೂ ಇಲ್ಲ, ಅನ್ನವೂ ಇಲ್ಲ ಎಂದರೆ ಅದನ್ನೇ ಒಡೆದು ತಿನ್ನುತ್ತದೆ. ಹುಡುಗಿ ಹೇಳಿದ ಉಸಿರಿನ ಮಾತನ್ನು ನಾನು ಕೇಳಿಯೇಬಿಟ್ಟೆ. "ಖರಂ ಆಹೇ", ನಿಜ, ಎಂದರು. ನಮ್ಮವರು ನನ್ನ ಮುಖ ನೋಡಲಿಲ್ಲ.

ಬರುವಾಗ ದಾರಿಯಲ್ಲಿ ಎಂದರು: "ನೀರು ಹೋಗಲಿ, ಗಾಳಿ ತಿನ್ನಲಿ, ಬೀಜ ಗಟ್ಟಿ ಇರಬೇಕು. ಇಷ್ಟs ಅಲ್ಲ? ಇದನ್ನ ನಾ ಯಾರಿಗಾದ್ರೂ ಕಲಸತಿದ್ದೆ."

ಮರುದಿನದಿಂದ ನಮ್ಮ ಮನೆ ತಾಲೀಮಿನ ಮನೆಯಾಯಿತು, ಅತ್ತೆ ಉಸ್ತಾದರಾದರು. ಬೆಳಿಗ್ಗೆ ಮೊಳಕೆ ಕಟ್ಟಿದ ಹೆಸರುಕಾಳು, ಮಧ್ಯಾಹ್ನ ರೊಟ್ಟಿಯ ಜೊತೆ ಗಟ್ಟಿ ಬೇಳೆ, ರಾತ್ರಿ ಮೊಸರು, ನಡುವೆ ಒಂದು ಹಿಡಿ ಶೇಂಗಾ. ಕರಿದದ್ದು, ಸಕ್ಕರೆ, ಮಾರ್ಕೆಟ್ಟಿನ ವಡಾಪಾವ್ ಬಂದ್. ನೀರಿಗೆ ತಡೆಯಿಲ್ಲ. ಡಾಕ್ಟರಮ್ಮ ಹೇಳಿದ ಹಾಗೆ ಮಂಚದೆದುರಿನ ಎತ್ತರದ ಕುರ್ಚಿಯಲ್ಲಿ ಕೂತು ಏಳುವುದು. ಮೊದಲು ಕೈ ಊರಿ, ಆಮೇಲೆ ಊರದೆ. ಚೀಲದಲ್ಲಿ ಜೋಳ ತುಂಬಿ ಎದೆಗೆ ಹಿಡಿದು ನಿಲ್ಲುವುದು. ಮೊದಲು ಒಂದು ಸೇರು, ವಾರಕ್ಕಿಷ್ಟು ಹೆಚ್ಚಿಗೆ. ಅತ್ತೆ ಮಲಗಿದಲ್ಲಿಂದ ಹುಕುಂ ಕೊಡುತ್ತಿದ್ದರು.

"ಕೂಡು. ಏಳು. ಎಲ್ಲಿ ಓಡತಿ, ಸಾವಕಾಶ! ಹ್ಞಾಂ, ಉಸರು ಬಿಡು. ಜೋರಾಗಿ ಬಿಡೋ, ಬೊಜ್ಜು ಹೋಗಲಿ. ನನ್ನ ಕಡಿ ಬಿಡಬ್ಯಾಡ, ಆ ಕಡಿ ಮಾರಿ ಮಾಡು. ನಿನ್ನ ಬೊಜ್ಜು ನನಗ್ಯಾಕ?"

ಹುಡುಗಿ ಮೆಟ್ಟಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. "ಅಜ್ಜೀ, ನಮ್ ಜಿಮ್ಮಿಗೆ ಬಂದ್ಬಿಡಿ, ನಮ್ ಟ್ರೈನರ್‌ನ ತೆಗೆದುಹಾಕ್ತೀವಿ."

"ಎತ್ತಿಕೊಂಡ ಹೋಗಲಾಕ ಇವ ಗಟ್ಟಿ ಆಗಲಿ, ಬರತೀನಿ."

ಈ ದಿನಗಳಲ್ಲಿ ಅತ್ತೆ ಗ್ಯಾಲರಿ ಕಾಣಲಿಲ್ಲ. ನಾನು ಅಲ್ಲಿ ನಿಂತು ಕಂಡ ಟೆಂಪೋಗಳನ್ನೆಲ್ಲ ಕೂಗಿ ಹೇಳುತ್ತಿದ್ದೆ, ಅವರು ಒಳಗಿನಿಂದ ಸದ್ದು ಕೇಳಿಯೇ "ಅದು ಮೂಲಂಗಿ ಅಲ್ಲ, ಗಜ್ಜರಿ" ಎಂದು ನನ್ನ ಕಣ್ಣನ್ನೇ ಸುಳ್ಳು ಮಾಡುತ್ತಿದ್ದರು. ನಮ್ಮವರಿಗೆ ಕಷ್ಟವಾದದ್ದು ಬೇಳೆಯೂ ಅಲ್ಲ, ಜೋಳದ ಚೀಲವೂ ಅಲ್ಲ. ಕಾಟಾ. ಸರಿಯಾಗಿ ಉಣ್ಣತೊಡಗಿದ ಮೇಲೆ ಅದು ಒಂದು ಕಿಲೋ ಏರಿ, ಅಲ್ಲೇ ಕೂತುಬಿಟ್ಟಿತು. ಪೇಢಾ ತಿಂದವರೆಲ್ಲ ಚಾಷ್ಟಿ ಮಾಡಿ ನಕ್ಕರು. ಒಂದು ದಿನ ಬಂದು, ಇನ್ನು ಕಾಟಾ ಹತ್ತುವುದಿಲ್ಲ, ಬೆಲ್ಟಿನ ತೂತು ಮತ್ತು ಸಿಲಿಂಡರು, ಇವೆರಡೇ ನನ್ನ ತಕ್ಕಡಿ ಎಂದು ಸಾರಿದರು. ಬೆಲ್ಟು ಹೊಸ ತೂತಿನಲ್ಲೇ ನಿಂತಿತು, ದಸರೆ ದಾಟಿದ ಮೇಲೆ ಇನ್ನೊಂದು ತೂತು ಬೇಕಾಯಿತು. ಸಿಲಿಂಡರು ಒಂದು ಬೆಳಿಗ್ಗೆ ಸದ್ದಿಲ್ಲದೆ ಒಲೆಯ ಕೆಳಗೆ ಹೋಗಿ ಕೂತಿತ್ತು. ನಾನು ನೋಡಿಯೂ ನೋಡದವಳಂತೆ ಚಹಾಕ್ಕಿಟ್ಟೆ.

ನರಕ ಚತುರ್ದಶಿಯ ಹಿಂದಿನ ಸಂಜೆ ನಾದಿನಿ ಬಂದರು. ಕೈಯಲ್ಲಿ ತಮ್ಮ ಚೀಲ, ಜೊತೆಗೊಂದು ಖಾಲಿ ಚೀಲ, ಅವ್ವನ ಸೀರೆಗಳಿಗೆ. ಬಾಗಿಲಲ್ಲೇ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಎಷ್ಟು ಕಿಲೋ ಇಳದಿ?"

"ಗೊತ್ತಿಲ್ಲಕ್ಕಾ."

"ಕಾಟಾದ ಮುಂದ ಹುಟ್ಟಿದವನಂಗ ಇರತಿದ್ದಿ, ಗೊತ್ತಿಲ್ಲ ಅಂತೀಯಲ್ಲೋ! ಭಾಳೇನು ಇಳದಂಗ ಕಾಣೂದಿಲ್ಲ ನೀ."

"ಮುಂಜಾನೆ ನೋಡು."

ಬೆಳಿಗ್ಗೆ ಎಣ್ಣೆಸ್ನಾನ ಮುಗಿದಿತ್ತು. ಅತ್ತೆ ಅದೇ ಹಸಿರು ಇಳಕಲ್ಲ ಸೀರೆ ಕೇಳಿ ಉಟ್ಟುಕೊಂಡಿದ್ದರು. ಪಂಚಮಿಯ ಐದೂ ಮಂದಿ ಅದೇ ಜಾಗಗಳಲ್ಲಿ ಇದ್ದೆವು. ಹುಡುಗಿ ಊರಿಗೆ ಹೋಗುವ ಬಸ್ಸು ಸಂಜೆಗಿತ್ತು, ಇದನ್ನು ನೋಡದೆ ಹೋಗುವುದಿಲ್ಲ ಎಂದಿದ್ದಳು. ನಾದಿನಿಯ ಖಾಲಿ ಚೀಲ ಗೂಟಕ್ಕೆ ತೂಗುತ್ತಿತ್ತು.

"ಅವ್ವಾ, ಕೊಳ್ಳ ಹಿಡಿ."

ಅತ್ತೆ ಹಿಡಿದರು. ನಮ್ಮವರು ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟರು, ಅವ್ವ ಹೇಳಿಕೊಟ್ಟ ಹಾಗೆ ಮುಖ ಆಚೆ ಮಾಡಿ. "ಹ್ಞಾಂ, ಏಳೂಣು." ಎದ್ದರು. ತೋಳು ನಡುಗಲಿಲ್ಲ. ಕೋಣೆ ದಾಟಿದರು. ಹೊಸ್ತಿಲ ಮೇಲೆ ಕಾಲಿಟ್ಟಾಗ ನಾವು ಮೂವರೂ ಕಿವಿಯಾಗಿದ್ದೆವು. ಮೊಣಕಾಲು 'ಕಟ್' ಎನ್ನದೆ ಇರಲಿಲ್ಲ, ಸಣ್ಣಗೆ ಎಂದಿತು. ಆದರೆ ಅವರು ನಿಲ್ಲಲಿಲ್ಲ, ಚೌಕಟ್ಟನ್ನು ಮುಟ್ಟಲಿಲ್ಲ. ಕುರ್ಚಿಯ ಮೇಲೆ ಅವ್ವನನ್ನು ಇಳಿಸಿ, ಸೆರಗು ಸರಿ ಮಾಡಿ, ನೆಟ್ಟಗೆ ನಿಂತರು.

ಅತ್ತೆ ಓಣಿಯ ಬಾಯಿಯ ಕಡೆ ನೋಡಿದರು. "ಚೆಂಡು ಹೂವಿನ ಗಾಡಿ" ಎಂದರು. ಆ ದಿನ ಅದಕ್ಕೆ ತಾಡಪಾಲು ಇರಲಿಲ್ಲ, ಹಳದಿ ಹೂ ಎಲ್ಲರಿಗೂ ಕಾಣುತ್ತಿತ್ತು.

ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಲಿಲ್ಲ. ಹತ್ತಿರ ಬಂದು ತಮ್ಮನ ರಟ್ಟೆ ಒತ್ತಿ ನೋಡಿ, "ಏನ ತಿನಿಸೀಯವಾ ಇವಗ?" ಎಂದು ನನ್ನನ್ನು ಕೇಳಿದರು.

"ಬ್ಯಾಳಿ" ಎಂದೆ.

ಪಾಡ್ಯ ಮುಗಿಸಿಕೊಂಡು ನಾದಿನಿ ಊರಿಗೆ ಹೊರಟರು. ಅವರ ಖಾಲಿ ಚೀಲದಲ್ಲಿ ನಮ್ಮವರು ಅಡತಿಯ ಒಳ್ಳೆಯ ಮೆಣಸಿನಕಾಯಿ ತುಂಬಿ ಕೊಟ್ಟರು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ತುಂಬಿದ್ದು. ರಿಕ್ಷಾ ಕೆಳಗೆ ಬಂದು ಹಾರ್ನ್ ಹೊಡೆಯಿತು. ಅತ್ತೆ ಆಗ ಮಂಚದ ಮೇಲಿದ್ದರು. ಮಗಳನ್ನು ನೋಡಬೇಕು ಎಂದರು. ನಮ್ಮವರು ಟವೆಲು ಬಿಗಿದು, ಆ ದಿನದ ಮಟ್ಟಿಗೆ ಎರಡನೆಯ ಸಲ, ಅವ್ವನನ್ನು ಎತ್ತಿಕೊಂಡು ಗ್ಯಾಲರಿಗೆ ಹೋದರು. ಕುರ್ಚಿಗೆ ಇಳಿಸಲಿಲ್ಲ. ಕೂತರೆ ಕಟಕಟೆ ಅಡ್ಡ ಬಂದು ನೇರ ಕೆಳಗಿನದು ಕಾಣುವುದಿಲ್ಲ. ರಿಕ್ಷಾ ಓಣಿಯ ಬಾಯಿಯಲ್ಲಿ ತಿರುಗಿ ಮರೆಯಾಗುವವರೆಗೂ ಹಾಗೆಯೇ ಎತ್ತಿಕೊಂಡು ನಿಂತಿದ್ದರು. ಅತ್ತೆ ಒಂದು ಕೈಯಿಂದ ಮಗನ ಕೊರಳು ಹಿಡಿದು ಇನ್ನೊಂದು ಕೈ ಬೀಸಿದರು.